ಹಳ್ಳಿಮನೆಯ ಗೇಟಿಗೆ ಮೋಟಾರು ಹಾಕುವವರು ಮೊದಲು ಕಂಬ ನೋಡಿ

ನಮ್ಮ ಮನೆ ಉಡುಪಿ ಜಿಲ್ಲೆಯ ಹಿರಿಯಡ್ಕದಿಂದ ಪೆರ್ಡೂರಿಗೆ ಹೋಗುವ ದಾರಿಯಲ್ಲಿ, ಡಾಮರು ರಸ್ತೆಯಿಂದ ಸ್ವಲ್ಪ ಒಳಗೆ. ಗೇಟಿನಿಂದ ಅಂಗಳಕ್ಕೆ 60 ಮೀಟರ್, ಎರಡೂ ಬದಿ ಅಡಿಕೆ ತೋಟ. ನಾನು ಮಣಿಪಾಲದಲ್ಲಿ ಕೆಲಸ ಮುಗಿಸಿ ಬರುವಾಗ ಮಳೆಗಾಲದಲ್ಲಿ ಕತ್ತಲಾಗಿರುತ್ತದೆ. ಕಾರಿನ ಹಾರ್ನ್ ಕೇಳಿದ ಕೂಡಲೇ ಮಾವ ಕೊಡೆ ಹಿಡಿದು ಗೇಟು ತೆಗೆಯಲು ಹೊರಡುತ್ತಿದ್ದರು. ಬೇಡ ಎಂದರೂ ಕೇಳುತ್ತಿರಲಿಲ್ಲ. ಒಂದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಅವರಿಗೆ ಆಗ 78 ವರ್ಷ. ಗೇಟಿಗೆ ಮೋಟಾರು ಹಾಕಿಸುವುದೆಂದು ಅವತ್ತೇ ತೀರ್ಮಾನವಾಯಿತು.

ಈ ಕೆಲಸಕ್ಕೆ ಹೊರಟವರೆಲ್ಲ ಮೊದಲು ಯಾವ ಮೋಟಾರು ಒಳ್ಳೆಯದು ಎಂದು ಕೇಳುತ್ತಾರೆ. ನಾನೂ ಹಾಗೇ ಕೇಳಿದ್ದೆ. ಆದರೆ ನಮ್ಮ ಊರಿನ ಮಟ್ಟಿಗೆ ಮೋಟಾರು ಕೊನೆಯ ಪ್ರಶ್ನೆ. ಗೇಟು, ಕಂಬ, ಕೇಬಲ್, ಸಿಡಿಲು, ಈ ನಾಲ್ಕು ಸರಿಯಾದರೆ ಸಾಧಾರಣ ಮೋಟಾರೂ ಚೆನ್ನಾಗಿ ನಡೆಯುತ್ತದೆ.

ಗೇಟಿನಿಂದ ಶುರು ಮಾಡಿ. ಒಂದು ಬೆರಳಿನಿಂದ ತಳ್ಳಿ ನೋಡಿ. ಗೇಟು ಸಲೀಸಾಗಿ ತಿರುಗಬೇಕು, ಅರ್ಧದಲ್ಲಿ ಬಿಟ್ಟರೆ ಅಲ್ಲೇ ನಿಲ್ಲಬೇಕು. ತಾನಾಗಿ ಒಂದು ಕಡೆಗೆ ಹೋಗುತ್ತದೆ ಎಂದರೆ ಕಂಬ ವಾಲಿದೆ ಅಥವಾ ಕೀಲು ಸವೆದಿದೆ. ಅದನ್ನು ಮೋಟಾರು ಸರಿಮಾಡುವುದಿಲ್ಲ, ದಿನಾ ಒದ್ದಾಡಿ ತಾನೇ ಕೆಡುತ್ತದೆ. ನಮ್ಮ ಗೇಟು 12 ಅಡಿ ಅಗಲ, 6 ಅಡಿಯ ಎರಡು ಬಾಗಿಲು. ಹಳೆ ಕೀಲು ತೆಗೆಸಿ ಬೇರಿಂಗ್ ಇರುವ ಕೀಲು ಹಾಕಿಸಿದೆವು. ಇಡೀ ಶೀಟು ಹೊಡೆದ ಗೇಟಾದರೆ ಇನ್ನೊಂದು ಕಷ್ಟ ಇದೆ. ಜೂನ್ ತಿಂಗಳ ಗಾಳಿಗೆ ಅದು ದೋಣಿಯ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ನಾವು ಮೇಲಿನ ಅರ್ಧ ಶೀಟು ತೆಗೆಸಿ ಗ್ರಿಲ್ ಮಾಡಿಸಿದೆವು.

ದಾರಿಯ ಏರು ತಗ್ಗನ್ನೂ ಈಗಲೇ ನೋಡಿ. ನಮ್ಮ ಕಡೆ ಹೆಚ್ಚಿನ ಮನೆಗಳು ಗುಡ್ಡೆಯ ಬದಿಯಲ್ಲಿ ಅಲ್ವಾ? ಗೇಟಿನ ಒಳಗೆ ದಾರಿ ಏರಿದ್ದರೆ ಒಳಗೆ ತೆರೆಯುವ ಬಾಗಿಲಿನ ತಳ ನೆಲಕ್ಕೆ ತಾಗುತ್ತದೆ. ಅಂಥಲ್ಲಿ ಪಾಗಾರದ (ಕಾಂಪೌಂಡ್ ಗೋಡೆಯ) ಉದ್ದಕ್ಕೆ ಸರಿಯುವ ಗೇಟೇ ಒಳ್ಳೆಯದು. ಅದರ ಹಳಿ ಮಾತ್ರ ಮಟ್ಟವಾಗಿರಬೇಕು, ಮತ್ತು ಮಳೆನೀರಿನ ಜೊತೆ ಬರುವ ಮಣ್ಣು, ಅಡಿಕೆ ಸೋಗೆ ಹಳಿಯಲ್ಲಿ ನಿಲ್ಲದ ಹಾಗೆ ನೋಡಿಕೊಳ್ಳಬೇಕು.

ಈಗ ಕಂಬ. ನಮ್ಮ ಕಂಬಗಳು ಕೆಂಪುಕಲ್ಲಿನವು, 18 ಇಂಚು ಚೌಕ, ಮಾವನ ತಂದೆ ಕಟ್ಟಿಸಿದ್ದು. ನೋಡಲು ಗಟ್ಟಿ. ಆದರೆ ಕೆಂಪುಕಲ್ಲಿಗೆ ಬೋಲ್ಟು ಹೊಡೆದು ಮೋಟಾರನ್ನು ಹಿಡಿದು ನಿಲ್ಲಿಸುವ ಬ್ರ್ಯಾಕೆಟ್ ಕೂರಿಸಿದರೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಗೇಟು ಪ್ರತಿ ಸಲ ತೆರೆದು ಮುಚ್ಚುವಾಗ ಆ ಬೋಲ್ಟನ್ನು ಎಳೆಯುತ್ತದೆ, ದೂಡುತ್ತದೆ. ಕಲ್ಲು ಒಳಗಿಂದ ಪುಡಿಯಾಗುತ್ತದೆ. ಹೊಸದಾಗಿ ಕಟ್ಟಿಸುವವರು ಕಲ್ಲಿನ ಕಂಬದ ಒಳಗೆ ಸರಳು ಕಟ್ಟಿ ಕಾಂಕ್ರೀಟ್ ತುಂಬಿಸಿ, ಬ್ರ್ಯಾಕೆಟ್ ಬರುವ ಎತ್ತರದಲ್ಲಿ ಕಬ್ಬಿಣದ ಪ್ಲೇಟನ್ನು ಆಗಲೇ ಹುದುಗಿಸಿ.

ನಮಗೆ ಕಂಬ ಒಡೆಯಲು ಮನಸ್ಸು ಬರಲಿಲ್ಲ. ಅದಲ್ಲದೆ ಇನ್ನೊಂದು ತೊಂದರೆಯೂ ಇತ್ತು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ.

ನಾವು ತಂದದ್ದು ಪಿಸ್ಟನ್ ಮಾದರಿಯ ಮೋಟಾರು. ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಬಾಗಿಲಿಗೆ. ರಾಡ್ ಹೊರಗೆ ಚಾಚಿದಾಗ ಗೇಟು ಮುಚ್ಚಿರುತ್ತದೆ, ಒಳಗೆ ಎಳೆದುಕೊಂಡಾಗ ಗೇಟು ಒಳಮುಖವಾಗಿ ತೆರೆಯುತ್ತದೆ. ನಮ್ಮ ಮೋಟಾರಿನ ರಾಡ್ ಒಟ್ಟು ಓಡುವುದು 12 ಇಂಚು. ಲೆಕ್ಕ ಸುಲಭ. ಗೇಟಿನ ಕೀಲಿನಿಂದ ಬ್ರ್ಯಾಕೆಟ್ ಎಷ್ಟು ಪಕ್ಕಕ್ಕಿದೆ, ಕೀಲಿನಿಂದ ಎಷ್ಟು ಒಳಕ್ಕಿದೆ, ಎರಡೂ ಅಳೆದು ಕೂಡಿಸಿ. ಗೇಟು ಪೂರ್ತಿ 90 ಡಿಗ್ರಿ ತೆರೆಯಬೇಕಾದರೆ ಆ ಮೊತ್ತ ಹೆಚ್ಚುಕಡಿಮೆ ರಾಡಿನ ಓಟದ ಒಳಗೇ ಇರಬೇಕು. ನಮ್ಮ ಕೀಲು ಕಂಬದ ನಡುಮಧ್ಯೆ ಇತ್ತು. ಅಂದರೆ ಕಂಬದ ಒಳಮುಖಕ್ಕೆ ಬರಲಿಕ್ಕೇ 9 ಇಂಚು. ಪಕ್ಕಕ್ಕೆ 6 ಇಂಚು. ಒಟ್ಟು 15. ರಾಡ್ ಓಡುವುದು 12. ಗೇಟು ಪೂರ್ತಿ ತೆರೆಯದೆ ನಡುವೆಯೇ ನಿಂತುಬಿಡುತ್ತಿತ್ತು, ತೆಂಗಿನಕಾಯಿ ಪಿಕಪ್ ಒಳಗೆ ಬರಲು ಕಷ್ಟವಾಗುತ್ತಿತ್ತು.

ಇದು ಕಾಗದದ ಮೇಲೆ ನನಗೆ ತಲೆಗೆ ಹೋಗಲಿಲ್ಲ. ಒಂದು ಭಾನುವಾರ ಅಂಗಳದ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಕಂಬ, ಕೀಲು, ಮುಚ್ಚಿದ ಬಾಗಿಲು, ತೆರೆದ ಬಾಗಿಲು ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಬರೆದೆ. ಅಡಿಕೆ ಮರದ ಎರಡು ಸೀಳು ತೆಗೆದುಕೊಂಡು, ಒಂದನ್ನು ರಾಡ್ ಪೂರ್ತಿ ಚಾಚಿದಾಗಿನ ಉದ್ದಕ್ಕೆ, ಇನ್ನೊಂದನ್ನು ಪೂರ್ತಿ ಒಳಗೆ ಹೋದಾಗಿನ ಉದ್ದಕ್ಕೆ ಕತ್ತರಿಸಿದೆ. ಬ್ರ್ಯಾಕೆಟ್ ಜಾಗದಿಂದ ಉದ್ದ ಸೀಳು ಇಟ್ಟರೆ ಬಾಗಿಲಿನ ಮೇಲಿನ ಜಾಗ ಸಿಗುತ್ತದೆ. ಬಾಗಿಲು ತೆರೆದ ಗೆರೆಯ ಮೇಲೂ ಅದೇ ಜಾಗ ಗುರುತು ಮಾಡಿ, ಗಿಡ್ಡ ಸೀಳು ಅಲ್ಲಿಗೆ ಹೊಂದುತ್ತದೋ ನೋಡಬೇಕು. ಹೊಂದಲಿಲ್ಲ, ಸೀಳಿನ ತುದಿ 3 ಇಂಚು ಆಚೆ ಹೋಗುತ್ತಿತ್ತು. ಮಾವ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. "ಕಂಬ ಅಲ್ಲೇ ಇರಲಿ, ಕೀಲನ್ನು ಈಚೆಗೆ ತನ್ನಿ ಮಾರಾಯ್ರೆ" ಎಂದರು.

ಹಾಗೇ ಮಾಡಿದೆವು. ಕಲ್ಲಿನ ಕಂಬದ ಹಿಂದೆ, ಒಳಬದಿಗೆ ಒತ್ತಿಕೊಂಡು, 4 ಇಂಚು ಚೌಕದ ಕಬ್ಬಿಣದ ಪೈಪು ನಿಲ್ಲಿಸಿದೆವು. ಎರಡೂವರೆ ಅಡಿ ಆಳ, ಒಂದೂವರೆ ಅಡಿ ಚೌಕದ ಗುಂಡಿ, ಅದಕ್ಕೆ ಕಾಂಕ್ರೀಟ್. 10 ದಿನ ನೀರು ಹಾಕಿ ಸುಮ್ನೆ ಬಿಟ್ಟೆವು. ಪೈಪಿನ ತಲೆಗೆ ಪ್ಲೇಟು ಬೆಸೆದು ಮುಚ್ಚಲು ಮರೆಯಬೇಡಿ, ಇಲ್ಲದಿದ್ದರೆ ಮಳೆನೀರು ಒಳಗೆ ಇಳಿದು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಕೀಲು, ಬ್ರ್ಯಾಕೆಟ್ ಎರಡೂ ಈ ಪೈಪಿಗೇ ಬಂದವು. ಒಳಕ್ಕಿನ ಅಳತೆ ಐದೂವರೆ ಇಂಚಿಗೆ ಇಳಿಯಿತು. ಈಗ ಒಟ್ಟು ಹನ್ನೊಂದೂವರೆ. ಗೇಟು ಪೂರ್ತಿ ತೆರೆಯುತ್ತದೆ, ದಾರಿಯ 12 ಅಡಿಯೂ ಹಾಗೇ ಉಳಿಯಿತು. ಅಜ್ಜನ ಕಂಬವೂ ಉಳಿಯಿತು.

ವೆಲ್ಡಿಂಗ್ ಬಗ್ಗೆ ಒಂದು ಮಾತು. ಬಾಗಿಲಿನ ಬ್ರ್ಯಾಕೆಟನ್ನು ಶೀಟಿಗೆ ಬೆಸೆಯಬಾರದು, ಗೇಟಿನ ಅಡ್ಡ ಪಟ್ಟಿಗೇ ಬೆಸೆಯಬೇಕು. ಆ ಎತ್ತರದಲ್ಲಿ ಪಟ್ಟಿ ಇಲ್ಲದಿದ್ದರೆ ಹೊಸದೊಂದು ಹಾಕಿಸಿ. ವೆಲ್ಡಿಂಗ್ ಪೂರ್ತಿ ಮುಗಿಯುವ ತನಕ ಮೋಟಾರು, ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ಯಾವುದರ ವಯರನ್ನೂ ಜೋಡಿಸಬೇಡಿ. ವೆಲ್ಡಿಂಗ್ ಕರೆಂಟು ಬೋರ್ಡನ್ನು ಸುಟ್ಟುಬಿಡಬಹುದು.

ಕೇಬಲ್ ವಿಷಯದಲ್ಲಿ ನಾನು ಎಲೆಕ್ಟ್ರಿಷಿಯನ್ ಜೊತೆ ಕೂತು ಲೆಕ್ಕ ಹಾಕಿದೆ. ನಮ್ಮ ಮೋಟಾರು 24 ವೋಲ್ಟಿನದು. ಬೋರ್ಡು ಇರುವ ಕಂಟ್ರೋಲ್ ಬಾಕ್ಸನ್ನು ಮನೆಯೊಳಗೆ ಇಟ್ಟರೆ ಮಳೆಯ ಭಯ ಇಲ್ಲ ಎಂದು ನನ್ನ ಆಸೆ. "ಅಕ್ಕ, ಅದು ಆಗ್ಲಿಕ್ಕಿಲ್ಲ, ಗೇಟು ಮುಟ್ಟುವಾಗ ಕರೆಂಟೇ ಇರ್ಲಿಕ್ಕಿಲ್ಲ" ಎಂದರು. ಅವರು ಹೇಳಿದ್ದು ಸರಿ. ಎರಡು ಮೋಟಾರು ಸೇರಿ 10 ಆಂಪಿಯರ್ ಎಳೆದರೆ, 60 ಮೀಟರ್ ಹೋಗಿ 60 ಮೀಟರ್ ಬರುವ 2.5 ಚದರ ಮಿಲಿಮೀಟರ್ ತಾಮ್ರದ ವಯರಿನಲ್ಲೇ 8-9 ವೋಲ್ಟ್ ಕಳೆದುಹೋಗುತ್ತದೆ. 24ರಲ್ಲಿ ಉಳಿಯುವುದು 15. ಅದೇ ದೂರ 230 ವೋಲ್ಟ್ ಕಳಿಸಿದರೆ ಒಂದೆರಡು ಆಂಪಿಯರ್ ಸಾಕು, ನಷ್ಟ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಬಾಕ್ಸು ಗೇಟಿನ ಹತ್ತಿರವೇ ಇರಬೇಕು. ಮನೆಯಲ್ಲಿ ಇದಕ್ಕೇ ಬೇರೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಜೊತೆಗೆ ಕರೆಂಟು ನೆಲಕ್ಕೆ ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡುವ ಮನೆ ನಮ್ಮದು. ಈ 230 ವೋಲ್ಟಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಕೇಬಲನ್ನು ಎರಡು ಅಡಿ ಆಳದಲ್ಲಿ ಪೈಪಿನೊಳಗೆ ಹಾಕಿಸಿದೆವು. ಅದರ ಮೇಲೆ ಮರಳು, ಮರಳಿನ ಮೇಲೆ ಹಳೆ ಮಂಗಳೂರು ಹೆಂಚು ಸಾಲಾಗಿ. ಕೊಟ್ಟಿಗೆ ಬಿಚ್ಚಿದಾಗ ಉಳಿದ ಹೆಂಚು ಹಿತ್ತಿಲಲ್ಲಿ ರಾಶಿ ಇತ್ತು. ನಾಳೆ ಯಾರಾದರೂ ತೋಟದ ಕೆಲಸಕ್ಕೆ ಅಗೆದರೆ ಹಾರೆಗೆ ಮೊದಲು ಹೆಂಚು ಸಿಗಬೇಕು. ಸೆನ್ಸರಿನ ಸಣ್ಣ ವಯರಿಗೆ ಬೇರೆ ಪೈಪು. ದಾರಿಗೆ ಅಡ್ಡ ಹೋಗುವಲ್ಲಿ ಒಂದು ಖಾಲಿ ಪೈಪನ್ನೂ ಒಳಗೆ ಹಗ್ಗ ಬಿಟ್ಟು ಹಾಕಿಡಿ. ಮುಂದೆ ಕ್ಯಾಮೆರಾಕ್ಕೋ ದೀಪಕ್ಕೋ ಬೇಕಾಗುತ್ತದೆ, ಆಗ ಕಾಂಕ್ರೀಟ್ ಒಡೆಯುವುದು ತಪ್ಪುತ್ತದೆ.

ಸೋಲಾರ್ ಆಗದೇ ಎಂದು ಹಲವರು ಕೇಳಿದರು. ಬಯಲು ಜಾಗವಾದರೆ ಆಗಬಹುದು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ, ಅಡಿಕೆ ಮರದ ನೆರಳಲ್ಲಿ, ಜುಲೈ ತಿಂಗಳಲ್ಲಿ ಅದನ್ನೇ ನಂಬಿ ಕೂರುವುದು ನನಗೆ ಸರಿ ಕಾಣಲಿಲ್ಲ. ಕರೆಂಟು ಹೋದಾಗ ನಡೆಯಲು ಬಾಕ್ಸಿನೊಳಗೆ 12 ವೋಲ್ಟ್, 7 ಆಂಪಿಯರ್-ಅವರ್ (Ah) ಸಾಮರ್ಥ್ಯದ ಎರಡು ಬ್ಯಾಟರಿ ಇವೆ. ದಿನಕ್ಕೆ ನಾಲ್ಕಾರು ಸಲದ ಓಡಾಟಕ್ಕೆ ಸಾಕು.

ಸಿಡಿಲಿನ ಬಗ್ಗೆ ದಯವಿಟ್ಟು ಗಮನ ಕೊಡಿ. ನಮಗೆ ಮೊದಲು ಹಾಕಿಕೊಟ್ಟವರು ಇಷ್ಟು ಸಣ್ಣ ಮೋಟಾರಿಗೆ ಅರ್ಥಿಂಗ್ ಬೇಡ ಎಂದಿದ್ದರು. ಆ ಅಕ್ಟೋಬರಿನಲ್ಲಿ ಸಂಜೆ ಒಂದು ಸಿಡಿಲು ಪಕ್ಕದ ತೋಟದ ತೆಂಗಿನ ಮರಕ್ಕೆ ಬಡಿಯಿತು. ಮರುದಿನ ಬಾಕ್ಸು ತೆರೆದಾಗ ಬೋರ್ಡಿನ ಒಂದು ಮೂಲೆ ಕಪ್ಪಾಗಿತ್ತು, ಒಂದು ಐಸಿ (ಚಿಪ್) ಒಡೆದು ತಲೆ ಹಾರಿತ್ತು. ಸಿಡಿಲಿಗೆ ವಾರಂಟಿ ಇಲ್ಲ ಎಂದರು. ಹೊಸ ಬೋರ್ಡಿನ ಜೊತೆ ಈ ಸಲ ಗೇಟಿನ ಹತ್ತಿರವೇ ಅರ್ಥಿಂಗ್ ಮಾಡಿಸಿದೆವು, ಲೈನಿನಲ್ಲಿ ಥಟ್ಟನೆ ನುಗ್ಗುವ ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆವು. ಕೆಂಪುಮಣ್ಣು ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಒಣಮಣ್ಣಿನಲ್ಲಿ ಅರ್ಥಿಂಗ್ ಸರಿ ಕೆಲಸ ಮಾಡುವುದಿಲ್ಲ. ಅದಕ್ಕೆ ಅರ್ಥಿಂಗ್ ರಾಡನ್ನು ದಿನಾ ನೀರು ಬೀಳುವ ತೆಂಗಿನ ಕಟ್ಟೆಯ ಪಕ್ಕದಲ್ಲಿ ಇಳಿಸಿದೆವು. ಇಷ್ಟೆಲ್ಲ ಮಾಡಿದರೂ ಏಪ್ರಿಲ್, ಮೇ, ಅಕ್ಟೋಬರಿನಲ್ಲಿ ದೂರದಲ್ಲಿ ಗುಡುಗು ಶುರುವಾಗುವಾಗಲೇ ಅತ್ತೆ ಎಂಸಿಬಿ ಇಳಿಸುತ್ತಾರೆ.

ಬಾಕ್ಸು ನೆಲದಿಂದ ನಾಲ್ಕು ಅಡಿ ಮೇಲಿರಲಿ, ವಯರುಗಳು ಕೆಳಗಿಂದಲೇ ಒಳಗೆ ಹೋಗಲಿ. ವಯರು ಒಳಹೋಗುವ ಪ್ರತಿ ತೂತನ್ನೂ ಗ್ಲ್ಯಾಂಡ್ (ವಯರನ್ನು ಬಿಗಿಹಿಡಿದು ತೂತು ಮುಚ್ಚುವ ಬಿರಡೆ) ಹಾಕಿ ಬಿಗಿ ಮಾಡಿ. ಬೆಚ್ಚಗಿನ ಜಾಗ ಸಿಕ್ಕಿದರೆ ಇರುವೆ, ಹಲ್ಲಿ ಬಿಡುವುದಿಲ್ಲ.

ಇನ್ನು ಗೇಟು ಯಾರಿಗೂ ತಾಗದ ಹಾಗೆ ನೋಡಿಕೊಳ್ಳುವ ವಿಷಯ. ಎರಡು ಕಂಬಗಳಲ್ಲಿ ಎದುರುಬದುರು ಸೆನ್ಸರ್ ಬರುತ್ತದೆ. ನಡುವೆ ಏನಾದರೂ ಅಡ್ಡ ಬಂದರೆ ಗೇಟು ಮುಚ್ಚುವುದಿಲ್ಲ. ಒಂದೂವರೆ ಅಡಿ ಎತ್ತರದಲ್ಲಿ ಹಾಕಿಸಿ, ಮಗು, ನಾಯಿ, ಕರು ಎಲ್ಲ ಅದರಲ್ಲಿ ಸಿಗುತ್ತವೆ. ಬೆಳಕು ಹಿಡಿಯುವ ಕಡೆಯ ಕಣ್ಣಿಗೆ ಸಂಜೆ ಬಿಸಿಲು ನೇರ ಬೀಳದಿರಲಿ. ಮೋಟಾರಿನ ಬಲವನ್ನು ಬಾಗಿಲು ಚಲಿಸಲು ಬೇಕಾದಷ್ಟೇ ಇಡಿ. ಮುಚ್ಚುವ ಬಾಗಿಲಿಗೆ ಖಾಲಿ ರಟ್ಟಿನ ಪೆಟ್ಟಿಗೆ ಅಡ್ಡ ಇಟ್ಟು ನೋಡಿ. ಪೆಟ್ಟಿಗೆ ಜಜ್ಜಿ ಹೋದರೆ ಬಲ ಜಾಸ್ತಿಯಾಯಿತು. ತಾನಾಗಿ ಮುಚ್ಚುವ ಸೆಟ್ಟಿಂಗನ್ನು ನಾವು ಇವತ್ತಿಗೂ ಆನ್ ಮಾಡಿಲ್ಲ, ನಿಮಗೂ ಬೇಡ ಎನ್ನುತ್ತೇನೆ. ದನ ಹೊಡೆದುಕೊಂಡು ಬರುವವರು, ಕಾಯಿ ತೆಗೆಯುವವರು ನಡುವೆ ನಿಂತು ಮಾತಾಡುವ ಜಾಗ ಅದು. ಪಕ್ಕದಲ್ಲಿ ನಡೆದು ಬರುವವರಿಗೆ ಮೂರು ಅಡಿಯ ಸಣ್ಣ ಗೇಟು ಬೇರೆ ಇರಲೇಬೇಕು. ಹಾಲಿನವರು, ಪೋಸ್ಟಿನವರು, ಲೈನ್‌ಮ್ಯಾನ್ ಎಲ್ಲರಿಗೂ ಅದೇ ದಾರಿ.

ಎರಡು ಬಾಗಿಲಿನ ಗೇಟಾದರೆ ಇನ್ನೊಂದು ಬಾಗಿಲಿನ ಅಂಚಿನ ಮೇಲೆ ಕೂರುವ ಪಟ್ಟಿ ಇರುವ ಬಾಗಿಲು ಮೊದಲು ತೆರೆದು ಕೊನೆಗೆ ಮುಚ್ಚಬೇಕು. ಬೋರ್ಡಿನಲ್ಲಿ ನಾಲ್ಕು ಸೆಕೆಂಡು ಅಂತರ ಕೊಟ್ಟರೆ ಸಾಕು. ಬಾಗಿಲು ಬಂದು ನಿಲ್ಲಲು ನೆಲದಲ್ಲಿ ಗಟ್ಟಿ ಸ್ಟಾಪರ್ ಇರಲಿ, ರಾಡ್ ತನ್ನ ಕೊನೆಯವರೆಗೆ ಹೋಗಿ ಬಡಿದು ನಿಲ್ಲುವ ಹಾಗೆ ಬಿಡಬೇಡಿ. ರಿಮೋಟ್ ಪ್ರತಿ ಸಲ ಕೋಡ್ ಬದಲಾಗುವ ರೋಲಿಂಗ್ ಕೋಡ್ ಮಾದರಿಯದ್ದೇ ಇರಲಿ.

ಎಲ್ಲ ಮುಗಿದ ದಿನ ನಾವು ಬೇಕೆಂದೇ ಮೈನ್ ಇಳಿಸಿ, ಬ್ಯಾಟರಿ ವಯರು ಕಳಚಿದೆವು. ನಮ್ಮ ಮೋಟಾರಿನ ಕೆಳಗೆ ರಿಲೀಸ್ ಕೀ ಹಾಕುವ ತೂತು ಇದೆ. ಕೀ ತಿರುಗಿಸಿದರೆ ಗೇಟನ್ನು ಕೈಯಲ್ಲೇ ತಳ್ಳಬಹುದು. ಮಾವ ಪ್ಲಾಸ್ಟರ್ ತೆಗೆದ ಕೈಯಲ್ಲೇ ಕೀ ತಿರುಗಿಸಿದರು, ಮೊದಲ ಸಲ ಆಗಲಿಲ್ಲ, ಎರಡನೇ ಸಲ ಬಿಟ್ಟುಕೊಂಡಿತು. ಅತ್ತೆಯೂ ಮಾಡಿ ನೋಡಿದರು. ರಾತ್ರಿ ಆಂಬುಲೆನ್ಸ್ ಬಂದು ನಿಂತಾಗ ಕಲಿಯುವ ವಿಷಯ ಅಲ್ಲ ಇದು. ಒಂದು ಕೀ ಜಗಲಿಯ ಮೊಳೆಯಲ್ಲಿ, ಇನ್ನೊಂದು ಪಕ್ಕದ ಮನೆಯಲ್ಲಿ ಇದೆ.

ಪ್ರತಿ ವರ್ಷ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ಮೊದಲು ಕೀಲುಗಳಿಗೆ ಗ್ರೀಸ್, ಸೆನ್ಸರಿನ ಗಾಜಿನ ಮೇಲಿನ ಜೇಡರ ಬಲೆ ತೆಗೆಯುವುದು, ಬ್ಯಾಟರಿ ಪರೀಕ್ಷೆ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡುವುದು. ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಬದಲಿಸಿದ ತಾರೀಕನ್ನು ಬಾಕ್ಸಿನ ಬಾಗಿಲ ಒಳಗೆ ಮಾರ್ಕರಿನಲ್ಲಿ ಬರೆದಿಡಿ. ರಿಲೀಸ್ ಕೀಯನ್ನೂ ಅವತ್ತೇ ಒಮ್ಮೆ ತಿರುಗಿಸಿ ನೋಡಿ, ಮಳೆಗಾಲದಲ್ಲಿ ಅದು ತುಕ್ಕು ಹಿಡಿದು ಕೂತುಬಿಡುತ್ತದೆ.