ಚಿರತೆ ದಾಟುವ ಜಾಗ ಹುಡುಕಿದ ಬಗೆ

ಎರಡು ಕಾಡು. ನಡುವೆ ಹೊಲ, ತೋಟ, ಹಳ್ಳಿಗಳು, ಒಂದು ಹೆದ್ದಾರಿ. ಈ ಕಾಡಿನಲ್ಲಿ ಹುಟ್ಟಿದ ಚಿರತೆ ಆ ಕಾಡಿಗೆ ಹೋಗಿ ಸಂಸಾರ ಹೂಡುವುದಕ್ಕೆ ಸಾಧ್ಯವಾ? ಹೋಗುವುದಾದರೆ ಯಾವ ಕಡೆಯಿಂದ? ನಾನು ಕೆಲವು ವರ್ಷ ಬೆನ್ನು ಹತ್ತಿದ್ದು ಇದನ್ನೇ. ಭೂದೃಶ್ಯ ಪರಿಸರ ವಿಜ್ಞಾನ ಅಂತ ಈ ಕೆಲಸಕ್ಕೆ ದೊಡ್ಡ ಹೆಸರಿದೆ. 1939ರಲ್ಲಿ ಜರ್ಮನಿಯ ಭೂಗೋಳ ವಿಜ್ಞಾನಿ ಕಾರ್ಲ್ ಟ್ರೋಲ್ ವಿಮಾನದಿಂದ ತೆಗೆದ ಫೋಟೋಗಳ ಬಗ್ಗೆ ಬರೆಯುತ್ತಾ ಇಟ್ಟ ಹೆಸರು ಅದು. ಈಗ ವಿಮಾನದ ಜಾಗಕ್ಕೆ ಉಪಗ್ರಹ ಬಂದಿದೆ. ಮಿಕ್ಕಂತೆ ಮೇಲಿನಿಂದ ನೋಡುವುದು, ಆಮೇಲೆ ಕೆಳಗೆ ನಡೆದು ನೋಡುವುದು, ಅಷ್ಟೇ.

ದಾರಿ ಮುಚ್ಚಿದರೆ ಏನಾಗುತ್ತದೆ ಎನ್ನುವುದಕ್ಕೆ ಪ್ಯೂಮಾ ಎನ್ನುವ ದೊಡ್ಡ ಬೆಕ್ಕಿನ ಜಾತಿಗೆ ಸೇರಿದ, ಅಮೆರಿಕದ ಫ್ಲೋರಿಡಾದ ಪ್ಯಾಂಥರ್‌ಗಳನ್ನು ನೋಡಿದರೆ ಸಾಕು. 1990ರ ದಶಕದ ಆರಂಭಕ್ಕೆ ಅವು ಕೆಲವೇ ಕೆಲವು ಉಳಿದಿದ್ದವು. ತಮ್ಮ ತಮ್ಮಲ್ಲೇ ಕೂಡಿ ಕೂಡಿ ಬಾಲ ಡೊಂಕಾಗಿತ್ತು, ಹೃದಯದಲ್ಲಿ ದೋಷ ಕಾಣಿಸಿಕೊಂಡಿತ್ತು. ಒಂದು ಕಾಲಕ್ಕೆ ಟೆಕ್ಸಾಸ್‌ನ ಪ್ಯೂಮಾಗಳ ಜೊತೆ ಇವು ಬೆರೆಯುತ್ತಿದ್ದವು. ಅದು ತಪ್ಪಿಹೋಗಿದ್ದರಿಂದ 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಆಮೇಲೆ ಹುಟ್ಟಿದ ಮರಿಗಳು ಗಟ್ಟಿಯಾದವು, ಸಂಖ್ಯೆಯೂ ಏರಿತು. ದಾರಿ ಇದ್ದಿದ್ದರೆ ಪ್ರಾಣಿ ತಾನೇ ನಡೆದು ಬಂದು ಮಾಡುತ್ತಿದ್ದ ಕೆಲಸ ಇದು.

ಶುರು ಮಾಡುವಾಗ ಮೊದಲು ತೀರ್ಮಾನಿಸಬೇಕಾದ್ದು, ಯಾರ ದಾರಿ ಅಂತ. 'ವನ್ಯಜೀವಿ ಕಾರಿಡಾರ್' ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಕಪ್ಪೆಗೆ ಬೇಕಾದ ದಾರಿ ಬೇರೆ, ಆನೆಗೆ ಬೇಕಾದ ದಾರಿ ಬೇರೆ. ನಾನು ಚಿರತೆಯನ್ನು ಆರಿಸಿಕೊಂಡೆ. ಜೊತೆಗೆ ಮರದಿಂದ ಮರಕ್ಕೆ ಹಾರುವ ಒಂದು ಅಳಿಲಿಗೂ ಸುಮ್ನೆ ನಕ್ಷೆ ಮಾಡಿದೆ. ಅದೇ ಜಾಗ, ಅದೇ ಉಪಗ್ರಹ ಚಿತ್ರ. ಚಿರತೆಯ ನಕ್ಷೆಯಲ್ಲಿ ಹತ್ತಾರು ದಾರಿ ಕಂಡವು. ಅಳಿಲಿಗೆ ಒಂದೂ ಇರಲಿಲ್ಲ. ಯಾರಾದರೂ ಎಲ್ಲ ಪ್ರಾಣಿಗಳಿಗೂ ಒಂದೇ ಕಾರಿಡಾರ್ ನಕ್ಷೆ ತೋರಿಸಿದರೆ ನನಗೆ ಈಗಲೂ ಅನುಮಾನ.

ಇನ್ನು ಲೆಕ್ಕ. ನೆಲವನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಒಂದು ಅಂಕಿ ಕೊಡುತ್ತೇವೆ. ಪ್ರಾಣಿಗೆ ಅಲ್ಲಿ ಓಡಾಡುವುದು ಎಷ್ಟು ಕಷ್ಟ ಎನ್ನುವ ಅಂಕಿ ಅದು. ಇದಕ್ಕೆ ಪ್ರತಿರೋಧ ಅನ್ನುತ್ತೇವೆ. ಕಾಡಿಗೆ 1, ಬಯಲಿಗೆ ಜಾಸ್ತಿ, ಹೆದ್ದಾರಿಗೆ ಇನ್ನೂ ಜಾಸ್ತಿ. ಎಷ್ಟು ಜಾಸ್ತಿ? ಹತ್ತಾ, ನೂರಾ? ಇಡೀ ಕೆಲಸದ ಹೂರಣ ಇರುವುದೇ ಇಲ್ಲಿ. ಆಮೇಲೆ ಬರುವ ಚೆಂದದ ನಕ್ಷೆಗಳೆಲ್ಲ ಈ ಅಂಕಿಗಳ ಮೇಲೆ ನಿಂತಿರುತ್ತವೆ. ಎಷ್ಟೋ ಕಡೆ ನಾಲ್ಕು ಜನ ಬಲ್ಲವರು ಕೂತು ಅಂದಾಜಿನಲ್ಲಿ ಈ ಅಂಕಿ ಕೊಡುತ್ತಾರೆ. ಬೇರೆ ದಾರಿ ಇಲ್ಲದಾಗ ಅದೂ ಸರಿಯೇ. ನನ್ನ ಬಳಿ ಜೊತೆಗಾರ ತಂಡದವರು ಕೊರಳಿಗೆ ಜಾಗ ತಿಳಿಸುವ ಕಾಲರ್ ಹಾಕಿದ್ದ ಚಿರತೆಗಳ ಜಿಪಿಎಸ್ ಮಾಹಿತಿ ಇತ್ತು.

ಆ ಮಾಹಿತಿಯಲ್ಲೂ ಒಂದು ತೊಡಕಿತ್ತು. ಕಾಲರ್ ಹಾಕಿಸಿಕೊಂಡವುಗಳಲ್ಲಿ ಹೆಚ್ಚಿನವು ತಮ್ಮದೇ ಸರಹದ್ದು ಕಟ್ಟಿಕೊಂಡಿದ್ದ ದೊಡ್ಡ ಚಿರತೆಗಳು. ಅವು ಹಗಲು ಬಯಲಿಗೆ ಕಾಲಿಡುವುದಿಲ್ಲ, ಮನೆಗಳ ಹತ್ತಿರ ಸುಳಿಯುವುದು ಕಡಿಮೆ. ಆದರೆ ಕಾಡಿನಿಂದ ಕಾಡಿಗೆ ಹೋಗುವುದು ಅವಲ್ಲ. ತಾಯಿಯನ್ನು ಬಿಟ್ಟು ಹೊಸ ಜಾಗ ಹುಡುಕಿಕೊಂಡು ಹೊರಟ ಎಳೆ ಚಿರತೆಗಳು, ಅದರಲ್ಲೂ ಗಂಡುಗಳು. ಅವುಗಳಿಗೆ ಅಷ್ಟು ಆಯ್ಕೆ ಇರುವುದಿಲ್ಲ. ರಾತ್ರೋರಾತ್ರಿ ಹೊಲ ದಾಟುತ್ತವೆ, ಊರಂಚಿನಲ್ಲೇ ನುಸುಳುತ್ತವೆ. ದೊಡ್ಡವುಗಳ ಅಭ್ಯಾಸ ನೋಡಿ ಅಂಕಿ ಕೊಟ್ಟರೆ ದಾಟಬಹುದಾದ ನೆಲವೂ ನಕ್ಷೆಯಲ್ಲಿ ಗೋಡೆಯಂತೆ ಕಾಣುತ್ತದೆ. ಹಾಗಾಗಿ ಎಳೆಯವುಗಳ ಮಾಹಿತಿ ಸ್ವಲ್ಪವೇ ಇದ್ದರೂ ಅದನ್ನೇ ಬೇರೆ ಮಾಡಿ ಬಳಸಿದೆ. ಹಗಲಿಗೂ ರಾತ್ರಿಗೂ ಬೇರೆ ಬೇರೆ ಅಂಕಿ ಇಟ್ಟೆ.

ಉಪಗ್ರಹ ಚಿತ್ರದ ಜೊತೆಗೂ ಹೀಗೇ ಗುದ್ದಾಡಬೇಕಾಯಿತು. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚೌಕದ ಬದಿ 30 ಮೀಟರ್. ಸೆಂಟಿನೆಲ್-2ರಲ್ಲಿ 10 ಮೀಟರ್. ಹಳ್ಳದ ಎರಡೂ ದಂಡೆಗೆ ಬೆಳೆದ ಪೊದೆಸಾಲು 30 ಮೀಟರಿನ ಚೌಕದಲ್ಲಿ ಕಾಣುವುದೇ ಇಲ್ಲ, ಹೊಲದಲ್ಲಿ ಕರಗಿಹೋಗುತ್ತದೆ. ಚಿರತೆಗೆ ಮಾತ್ರ ಅದೇ ರಾಜಮಾರ್ಗ. ಹಳ್ಳಗಳನ್ನೂ ದಟ್ಟ ಬೇಲಿಸಾಲುಗಳನ್ನೂ ಪರದೆ ಮೇಲೆ ಒಂದೊಂದಾಗಿ ಕೈಯಲ್ಲೇ ಎಳೆದು ಸೇರಿಸಿದೆ. ಬೇಜಾರಿನ ಕೆಲಸ, ಆದರೆ ನಕ್ಷೆಯನ್ನು ಅಷ್ಟು ಬದಲಿಸಿದ್ದು ಇನ್ನೊಂದಿಲ್ಲ. ಬೆಳೆಯ ವಿಷಯವೂ ಇದೆ. ಕಬ್ಬೋ ಜೋಳವೋ ಆಳೆತ್ತರ ನಿಂತಾಗ ಚಿರತೆಗೆ ಅದೇ ಕಾಡು. ಕಟಾವಾದ ಮರುದಿನ ಅದೇ ನೆಲ ಬಟ್ಟಬಯಲು. ಒಂದೇ ತಿಂಗಳ ಚಿತ್ರ ಇಟ್ಟುಕೊಂಡು ವರ್ಷದ ಮಾತಾಡುವ ಹಾಗಿಲ್ಲ. ಬೆಳೆ ಇದ್ದಾಗಿನದು ಒಂದು, ಇಲ್ಲದಾಗಿನದು ಒಂದು ಅಂತ ಎರಡು ನಕ್ಷೆ ಮಾಡಿದೆ.

ಅಂಕಿ ಸಿದ್ಧವಾದ ಮೇಲೆ ಕಂಪ್ಯೂಟರ್ ಅತಿ ಕಡಿಮೆ ಕಷ್ಟದ ದಾರಿ ಹುಡುಕಿಕೊಡುತ್ತದೆ. ಇಲ್ಲಿ ಹುಷಾರಾಗಿರಬೇಕು. ಅದು ಯಾವತ್ತೂ 'ದಾರಿ ಇಲ್ಲ' ಅನ್ನುವುದಿಲ್ಲ. ಎರಡು ಕಾಡಿನ ನಡುವೆ ಇಡೀ ನಗರವೇ ಇದ್ದರೂ ಇದ್ದುದರಲ್ಲೇ ಒಂದು ಗೆರೆ ಎಳೆದುಕೊಡುತ್ತದೆ. ಆ ಗೆರೆ ನೋಡಿದವರು ದಾರಿ ಇದೆಯಲ್ಲಾ ಅಂದುಕೊಳ್ಳುತ್ತಾರೆ. ಇನ್ನೊಂದು ಅಪಾಯ, ಗೆರೆಯ ಮೇಲಿನ ಜಾಗ ಉಳಿಸಿದರೆ ಸಾಕು, ಪಕ್ಕದ್ದು ಹೋದರೂ ಪರವಾಗಿಲ್ಲ ಅನ್ನುವ ವಾದ ಹುಟ್ಟಿಕೊಳ್ಳುತ್ತದೆ. ಚಿರತೆಯ ಕೈಯಲ್ಲೇನು ನಕ್ಷೆ ಇರುತ್ತದಾ?

ಅದಕ್ಕೇ ನಾನು ಸರ್ಕ್ಯೂಟ್ ವಿಧಾನಕ್ಕೆ ಬಂದೆ. ಪರಿಸರ ವಿಜ್ಞಾನಿ ಬ್ರ್ಯಾಡ್ ಮೆಕ್‌ರೇ 2006ರಲ್ಲಿ ಮುಂದಿಟ್ಟ ಯೋಚನೆ ಅದು. ಭೂಮಿಯನ್ನು ವಿದ್ಯುತ್ ಸರ್ಕ್ಯೂಟ್ ಅಂತ ತಿಳಿದು ಒಂದು ಕಾಡಿನಿಂದ ಇನ್ನೊಂದಕ್ಕೆ ಕರೆಂಟ್ ಹರಿಸುವುದು. ಕರೆಂಟ್ ಒಂದೇ ದಾರಿ ಹಿಡಿಯುವುದಿಲ್ಲ, ಸಾಧ್ಯವಿರುವ ಎಲ್ಲ ಕಡೆಯೂ ಹಂಚಿಕೊಂಡು ಹರಿಯುತ್ತದೆ. ದಾರಿಗಳು ಜಾಸ್ತಿ ಇದ್ದ ಕಡೆ ತೆಳುವಾಗಿ ಹರಡಿರುತ್ತದೆ. ಬೇರೆ ಗತಿಯಿಲ್ಲದೆ ಎಲ್ಲವೂ ಒಂದೇ ಕಡೆ ನುಗ್ಗುವ ಜಾಗದಲ್ಲಿ ಒತ್ತಾಗಿ ಕಾಣುತ್ತದೆ. ಆ ಇಕ್ಕಟ್ಟೇ ನನಗೆ ಬೇಕಾಗಿದ್ದದ್ದು. ಅದೊಂದು ಕೈಬಿಟ್ಟರೆ ಎರಡೂ ಕಾಡು ಬೇರೆಯಾದಂತೆ. ನನ್ನ ಎರಡೂ ನಕ್ಷೆಯಲ್ಲಿ ಇಕ್ಕಟ್ಟು ಒಂದೇ ಕಡೆ ಬಿತ್ತು. ಹೆದ್ದಾರಿಯನ್ನು ಹಳ್ಳವೊಂದು ಹಾಯುವ ಜಾಗ. ಅಲ್ಲಿ ಅಕ್ಕಪಕ್ಕದಲ್ಲೇ ಎರಡು ಮೋರಿಗಳು.

ಕಂಪ್ಯೂಟರ್ ಮುಚ್ಚಿ ಅಲ್ಲಿಗೆ ಹೋದೆವು. ಎರಡೂ ಮೋರಿಯ ಬಾಯಲ್ಲಿ ಜರಡಿ ಹಿಡಿದ ಮಣ್ಣನ್ನು ಹಾಸಿ, ಸಂಜೆ ಹಲಗೆಯಿಂದ ಸಮ ಮಾಡಿ, ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ ಹೆಜ್ಜೆ ಓದುತ್ತಿದ್ದೆವು. ಓರೆ ಬಿಸಿಲಿನಲ್ಲಿ ಗುರುತಿನ ಅಂಚು ಎದ್ದು ಕಾಣುತ್ತದೆ, ಹೊತ್ತೇರಿದರೆ ಏನೂ ತಿಳಿಯುವುದಿಲ್ಲ. ಮೊದಲನೇ ಮೋರಿಯಲ್ಲಿ ಕಾಡುಬೆಕ್ಕು, ಮುಂಗುಸಿ, ಮುಳ್ಳುಹಂದಿ ಎಲ್ಲ ಇದ್ದವು. ಚಿರತೆಯೂ ಹಾದಿತ್ತು. ಎರಡನೆಯದರಲ್ಲಿ ಹೆಜ್ಜೆಗಳು ಒಳಗೆ ಹೋಗಿ ಅದೇ ಬಾಯಿಂದ ವಾಪಸ್ ಬಂದಿದ್ದವು. ಬಗ್ಗಿಕೊಂಡು ಒಳಗೆ ಹೋಗಿ ನೋಡಿದರೆ ಕಾರಣ ಆಚೆ ತುದಿಯಲ್ಲಿತ್ತು. ನೀರು ಬಿದ್ದು ಬಿದ್ದು ಕಾಂಕ್ರೀಟ್ ನೆಲದ ಕೆಳಗಿನ ಮಣ್ಣು ಕೊಚ್ಚಿಹೋಗಿ ಸೊಂಟದಷ್ಟು ಇಳಿಜಾರಿಲ್ಲದ ತಗ್ಗು. ಚಿಕ್ಕ ಪ್ರಾಣಿ ಇಳಿಯಲಾರದು, ಆ ಕಡೆಯಿಂದ ಬಂದದ್ದು ಹತ್ತಲಾರದು. ಯಾವ ಉಪಗ್ರಹಕ್ಕೂ ಇದು ಕಾಣುವುದಿಲ್ಲ.

ಕ್ಯಾಮೆರಾಗಳನ್ನು ಜೋಡಿಯಾಗಿ, ದಾರಿಯ ಎರಡೂ ಬದಿಗೆ ಕಟ್ಟಿದೆವು. ಚಿರತೆಯ ಎಡಮೈಯ ಚುಕ್ಕೆಗಳು ಬಲಮೈಯಂತೆ ಇರುವುದಿಲ್ಲ. ಎರಡೂ ಬದಿ ಸಿಕ್ಕರೇನೇ ಇದು ಅದೇ ಚಿರತೆ ಅಂತ ಖಚಿತವಾಗಿ ಹೇಳಬಹುದು. ಒಂದು ಗಂಡು ಎರಡೂ ಕಾಡಿನಲ್ಲಿ ಸಿಕ್ಕಿತು. ತಂಡದವರಿಗೆ ಹಬ್ಬ. ನನಗೂ ಖುಷಿಯೇ. ಆದರೆ ದಾಟಿದ ಮಾತ್ರಕ್ಕೆ ಕಾಡುಗಳು ಕೂಡಿದವು ಅನ್ನಲಾಗದು. ಲಾಸ್ ಏಂಜಲೀಸ್‌ನ ಪಿ-22 ಎಂಬ ಪ್ಯೂಮಾ ಎರಡು ಹೆದ್ದಾರಿ ದಾಟಿ ಗ್ರಿಫಿತ್ ಪಾರ್ಕಿಗೆ ಬಂದು, 2012ರಿಂದ 2022ರವರೆಗೆ ಅಲ್ಲೇ ಬದುಕಿತು. ಒಂದು ಹೆಣ್ಣೂ ಆ ಕಡೆ ಬರಲಿಲ್ಲ, ಮರಿಯೂ ಆಗಲಿಲ್ಲ. ಹಾಗಾಗಿ ಎರಡೂ ಕಾಡಿನಿಂದ ಹಿಕ್ಕೆ ಆರಿಸಿ ಡಿಎನ್ಎ ಪರೀಕ್ಷೆಗೆ ಕಳಿಸಿದೆವು. ಎರಡು ಕಡೆಯ ಚಿರತೆಗಳೂ ಬಂಧುಗಳೇ ಅಂತ ಬಂತು. ಇದನ್ನೂ ಎಚ್ಚರದಿಂದಲೇ ಓದಬೇಕು. ಡಿಎನ್ಎ ಹೇಳುವುದು ಹಿಂದಿನ ಕೆಲವು ತಲೆಮಾರಿನ ಕಥೆ. ಕಳೆದ ವರ್ಷ ರಸ್ತೆ ಅಗಲವಾಗಿದ್ದರೆ ಅದರ ಪೆಟ್ಟು ಅದರಲ್ಲಿ ಇನ್ನೂ ಕಾಣುವುದಿಲ್ಲ.

ವರದಿ ಕೊಡುವಾಗ ನಾನು ಗೆರೆಯ ನಕ್ಷೆ ಕೊಡಲೇ ಇಲ್ಲ. ಇಕ್ಕಟ್ಟಿನ ಜಾಗ, ಹಳ್ಳದ ಪೊದೆಸಾಲು, ಎರಡು ಮೋರಿ, ಇಷ್ಟನ್ನು ದೊಡ್ಡದಾಗಿ ತೋರಿಸಿದೆ. ಹಳ್ಳದ ದಂಡೆಯ ಪೊದೆ ಸವರಬಾರದು, ಅಲ್ಲಿ ದೀಪ ಹಾಕಬಾರದು, ಮೋರಿಯ ಎರಡೂ ಕಡೆ ರಸ್ತೆಗುಂಟ ಬೇಲಿ ಬೇಕು ಅಂತ ಬರೆದೆ. ಬೇಲಿ ಇಲ್ಲದಿದ್ದರೆ ಪ್ರಾಣಿ ಮೋರಿ ಹುಡುಕುವ ತೊಂದರೆ ತೆಗೆದುಕೊಳ್ಳದೆ ಟಾರಿನ ಮೇಲೇ ಹತ್ತುತ್ತದೆ. ಕೆನಡಾದ ಬಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಲಿಯೂ ದಾಟುದಾರಿಯೂ ಜೊತೆಗೇ ಇದ್ದದ್ದರಿಂದ ಪ್ರಾಣಿಗಳಿಗೆ ವಾಹನ ಬಡಿಯುವುದು ಶೇ 80ಕ್ಕಿಂತ ಹೆಚ್ಚು ಕಡಿಮೆಯಾಯಿತು.

ರಸ್ತೆಯವರ ಜೊತೆ ಕೂತಾಗ ಅವರು ಕೇಳಿದ್ದು ಒಂದೇ: 'ಸಾರ್, ಒಂದು ಮೋರಿಗಷ್ಟೇ ದುಡ್ಡಿದೆ, ಯಾವುದನ್ನು ಮಾಡೋಣ?' ಎರಡನೆಯದು ಅಂದೆ. ಮೊದಲನೆಯದರಲ್ಲಿ ಪ್ರಾಣಿಗಳು ಹೇಗೂ ಓಡಾಡುತ್ತಿವೆ, ಅದನ್ನು ಮುಟ್ಟಬೇಡಿ. ಎರಡನೆಯದಕ್ಕೆ ಆಚೆ ತುದಿಯಲ್ಲಿ ಕಲ್ಲು ತುಂಬಿ ಇಳಿಜಾರು ಮಾಡಿ, ಒಳಗೆ ಒಂದು ಪಕ್ಕ ಒಣಗಿರುವ ಕಟ್ಟೆ ಕಟ್ಟಿ ಅಂದೆ. ಒಪ್ಪಿದರು. ಜೊತೆಗೆ ಇನ್ನೊಂದನ್ನೂ ಬರೆಸಿಕೊಂಡೆ. ಬಾನ್ಫ್‌ನಲ್ಲಿ ಗ್ರಿಜ್ಲಿ ಕರಡಿಗಳು ದಾಟುದಾರಿಗೆ ಒಗ್ಗಿಕೊಳ್ಳಲು ವರ್ಷಗಳೇ ಬೇಕಾದವು. ಮೊದಲ ವರ್ಷದ ಫೋಟೋ ನೋಡಿ ಇದು ದಂಡ ಅಂತ ಯಾರೂ ಮೋರಿಗೆ ಗೇಟು ಹಾಕಬಾರದು.