ಮಹಾವಾನರಗಳ ಕಾಡಿಗಾಗಿ ಬೆಂಗಳೂರಿನಲ್ಲಿದ್ದುಕೊಂಡು ಮಾಡಬಹುದಾದದ್ದು

ಕರ್ನಾಟಕದ ಯಾವ ಕಾಡಿನಲ್ಲೂ ಮಹಾವಾನರಗಳಿಲ್ಲ. ನಮ್ಮ ಸಿಂಗಳೀಕ, ಮುಸುವಗಳಿಗೆ ಬಾಲವುಂಟು. ಬಾಲವಿಲ್ಲದ ಗೊರಿಲ್ಲಾ, ಚಿಂಪಾಂಜಿ, ಬೊನೊಬೊಗಳು ಆಫ್ರಿಕಾದಲ್ಲಿಯೂ ಒರಾಂಗುಟಾನ್‌ಗಳು ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳಲ್ಲಿಯೂ ಬದುಕುತ್ತಿವೆ. ಮೈಸೂರು ಮೃಗಾಲಯದಲ್ಲಿ ಗೊರಿಲ್ಲಾಗಳನ್ನು ಕಂಡು ಬಂದವರು ‘ಇವುಗಳಿಗಾಗಿ ನಾವೇನು ಮಾಡಬಹುದು’ ಎಂದು ಕೇಳಿದರೆ, ಅವರ ಮನೆಯ ದಿನಸಿ ಚೀಟಿಯಿಂದಲೇ ಆರಂಭಿಸಿರೆಂದು ಹೇಳುತ್ತೇನೆ.

ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆಯನ್ನು ಆಮದು ಮಾಡಿಕೊಳ್ಳುವ ದೇಶ ಭಾರತ. ಅದರ ಬಹುಪಾಲು ಬರುವುದು ಇಂಡೊನೇಷ್ಯಾ ಮತ್ತು ಮಲೇಷ್ಯಾಗಳಿಂದ. ಅಲ್ಲಿ ತೋಟಗಳಿಗಾಗಿ ಸವರಿಹಾಕಿದ ತಗ್ಗುಪ್ರದೇಶದ ಮಳೆಕಾಡುಗಳಲ್ಲಿ ಬಹಳಷ್ಟು ಒರಾಂಗುಟಾನ್‌ಗಳ ನೆಲೆಯಾಗಿದ್ದವು. ಹೆಣ್ಣು ಒರಾಂಗುಟಾನ್ ಸಾಮಾನ್ಯವಾಗಿ ಏಳೆಂಟು ವರ್ಷಗಳಿಗೊಮ್ಮೆ ಮರಿ ಹಾಕುವುದರಿಂದ, ಒಮ್ಮೆ ಕುಸಿದ ಸಂಖ್ಯೆ ಚೇತರಿಸಿಕೊಳ್ಳುವುದು ಬಲು ಕಷ್ಟ. 2017ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾದ ತಪನುಲಿ ಒರಾಂಗುಟಾನ್‌ಗಳು 800ಕ್ಕಿಂತ ಕಡಿಮೆ ಉಳಿದಿವೆ. (ಬೇಸಿಗೆಯಲ್ಲಿ ನಮ್ಮ ರಸ್ತೆಬದಿಯಲ್ಲಿ ಮಾರುವ ತಾಟಿನುಂಗು ಕೊಡುವ ತಾಳೆಮರವೇ ಬೇರೆ; ಎಣ್ಣೆ ತಾಳೆಯ ಮೂಲ ಪಶ್ಚಿಮ ಆಫ್ರಿಕಾ. ನುಂಗು ತಿನ್ನುವವರು ಅಳುಕಬೇಕಾಗಿಲ್ಲ.)

ಆದ್ದರಿಂದ ಮೊದಲ ಕೆಲಸ ಪೊಟ್ಟಣದ ಹಿಂಬದಿಯನ್ನು ಓದುವುದು. ಕಳೆದ ವಾರ ಗಾಂಧಿ ಬಜಾರಿನಿಂದ ತಂದ ಬಿಸ್ಕತ್ತಿನ ಪೊಟ್ಟಣದಲ್ಲಿ ಪದಾರ್ಥಗಳ ಪಟ್ಟಿ ಅಂಟಿಸಿದ ಮಡಿಕೆಯೊಳಗೆ ಸೇರಿಕೊಂಡಿತ್ತು. ಉಗುರಿನಿಂದ ಮಡಿಕೆಯನ್ನು ಬಿಡಿಸಿ ನೋಡಿದಾಗ ಮೈದಾ, ಸಕ್ಕರೆಗಳ ನಂತರ ಮೂರನೆಯ ಹೆಸರೇ ತಾಳೆ ಎಣ್ಣೆಯದಾಗಿತ್ತು. ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದರಿಂದ, ಹೆಸರು ಎಷ್ಟು ಮುಂದಿದೆಯೋ ಅದರ ಪಾಲೂ ಅಷ್ಟು ಹೆಚ್ಚು. ಪಾಮೋಲಿನ್ ಎಂದಿದ್ದರೂ ಅದು ತಾಳೆ ಎಣ್ಣೆಯೇ. ವನಸ್ಪತಿಯಲ್ಲಿಯೂ ಅದರ ಪಾಲು ಸಾಮಾನ್ಯವಾಗಿ ದೊಡ್ಡದಿರುತ್ತದೆ. ಸಾಬೂನು ಮತ್ತು ಶಾಂಪೂಗಳಲ್ಲಿ ಅದು ರಾಸಾಯನಿಕ ಹೆಸರುಗಳ ಹಿಂದೆ ಅಡಗಿರುವುದರಿಂದ ಗುರುತು ಹಿಡಿಯುವುದು ಸುಲಭವಲ್ಲ. ಅದಕ್ಕಾಗಿ ತಲೆ ಕೆಡಿಸಿಕೊಳ್ಳದೆ ಅಡುಗೆಮನೆಯಲ್ಲಿಯೇ ಗಮನವಿಡುವುದು ಲೇಸು.

ಹಾಗೆಂದು ತಾಳೆ ಎಣ್ಣೆಯನ್ನು ಸಾರಾಸಗಟಾಗಿ ಬಹಿಷ್ಕರಿಸಿರೆಂದು ನಾನು ಹೇಳಲಾರೆ. ಒಂದು ಹೆಕ್ಟೇರ್ ಎಣ್ಣೆ ತಾಳೆ ಸುಮಾರು ಮೂರು ಟನ್ ಎಣ್ಣೆ ಕೊಟ್ಟರೆ ಅಷ್ಟೇ ನೆಲದ ಸೋಯಾ ಕೊಡುವುದು ಅರ್ಧ ಟನ್ನಿನಷ್ಟು; ಎಲ್ಲರೂ ಸೋಯಾಕ್ಕೆ ಹೊರಳಿದರೆ ಬೇರೊಂದು ಖಂಡದಲ್ಲಿ ಮತ್ತಷ್ಟು ಕಾಡು ಬಲಿಯಾಗಬಹುದು. ಹೆಚ್ಚು ಉಪಯುಕ್ತವಾದದ್ದು, ಪೊಟ್ಟಣದ ಮೇಲಿರುವ ಗ್ರಾಹಕ ಸೇವೆಯ ವಿಳಾಸಕ್ಕೆ ಪತ್ರ ಅಥವಾ ಇಮೇಲ್ ಬರೆದು, ನೀವು ಬಳಸುವ ತಾಳೆ ಎಣ್ಣೆ ಯಾವ ದೇಶದ್ದು, ಅದು ಯಾವ ಗಾಣದಿಂದ ಬಂತೆಂದು ನಿಮಗೆ ತಿಳಿದಿದೆಯೇ, ಅದಕ್ಕೆ ಆರ್‌ಎಸ್‌ಪಿಒ (ಕಾಡಿಗೆ ಹಾನಿಯಾಗದಂತೆ ತಾಳೆ ಎಣ್ಣೆ ಉತ್ಪಾದಿಸುವವರಿಗೆ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ) ಪ್ರಮಾಣಪತ್ರವಿದೆಯೇ ಎಂದು ಕೇಳುವುದು. 2004ರಲ್ಲಿ ಆರಂಭವಾದ ಈ ಸಂಸ್ಥೆಯು 2018ರ ನಿಯಮಾವಳಿಯಲ್ಲಿ ಹೊಸ ತೋಟಗಳಿಗಾಗಿ ಕಾಡು ಕಡಿಯುವುದನ್ನು ನಿಷೇಧಿಸಿತು. ಅದರ ತಪಾಸಣೆಯ ಬಗ್ಗೆ ದೂರುಗಳಿಲ್ಲವೆಂದಲ್ಲ. ಆದರೂ ಏನೂ ಇಲ್ಲದ್ದಕ್ಕಿಂತ ಅದು ಮೇಲು. ಅಪಾರ್ಟ್‌ಮೆಂಟಿನ ಹತ್ತು ಮನೆಗಳವರು ಒಂದೇ ತಿಂಗಳಲ್ಲಿ ಕೇಳಿದರೆ ಪತ್ರವನ್ನು ಬದಿಗಿಡುವುದು ಕಂಪನಿಗೆ ಅಷ್ಟು ಸುಲಭವಾಗದು.

ಮೊಬೈಲ್ ಫೋನಿನ ವಿಷಯ ಚಿಕ್ಕದು. ಅದರ ಕೆಪಾಸಿಟರ್‌ಗಳಲ್ಲಿರುವ ಟ್ಯಾಂಟಲಮ್ ಲೋಹವು ಕೋಲ್ಟನ್ ಎಂಬ ಅದಿರಿನಿಂದ ಬರುತ್ತದೆ. ಪೂರ್ವ ಕಾಂಗೋದಲ್ಲಿ, ಗ್ರೌವರ್ ಗೊರಿಲ್ಲಾಗಳ ನೆಲೆಯಾದ ಕಹುಜಿ-ಬಿಯೆಗಾ ರಾಷ್ಟ್ರೀಯ ಉದ್ಯಾನದೊಳಗೂ ಅದನ್ನು ಅಗೆದಿದ್ದಾರೆ, ಅಗೆಯಲು ಹೋದವರು ಹೊಟ್ಟೆಪಾಡಿಗೆ ಕಾಡುಪ್ರಾಣಿಗಳನ್ನೂ ಬೇಟೆಯಾಡಿದ್ದಾರೆ. ಹಳೆಯ ಫೋನನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡುವುದು ಸರಿಯೇ, ಆದರೆ ಬಳಸಿ ಎಸೆದ ಫೋನುಗಳಿಂದ ಟ್ಯಾಂಟಲಮ್ ಮರಳಿ ಸಿಗುವುದು ಬಹಳ ಕಡಿಮೆ. ಎಸ್.ಪಿ. ರಸ್ತೆಯಲ್ಲಿ ಬ್ಯಾಟರಿ ಬದಲಿಸಿಕೊಂಡು ಅದೇ ಫೋನನ್ನು ಇನ್ನೆರಡು ವರ್ಷ ನಡೆಸುವುದೇ ಉತ್ತಮ.

ಇನ್ನು ಅದೇ ಫೋನಿನ ಪರದೆಯ ಮೇಲೆ ಬರುವ, ಅಂಗಿ ತೊಟ್ಟು ಬಾಟಲಿ ಹಿಡಿದ ಚಿಂಪಾಂಜಿ ಮರಿಯ ವಿಡಿಯೊಗಳು. ತಾಯಿ ತನ್ನ ಮರಿಯನ್ನು ಎಂದಿಗೂ ಬಿಟ್ಟುಕೊಡುವುದಿಲ್ಲವಾದ್ದರಿಂದ, ಕಾಡಿನಿಂದ ಮರಿಯನ್ನು ಹಿಡಿಯುವವರು ಸಾಮಾನ್ಯವಾಗಿ ತಾಯಿಯನ್ನೂ ಅಡ್ಡ ಬಂದ ಬಳಗವನ್ನೂ ಕೊಂದಿರುತ್ತಾರೆ. ಇದು ದೂರದ ಮಾತಲ್ಲ: ಕೋಲ್ಕತ್ತದಲ್ಲಿ ಅಕ್ರಮವಾಗಿ ಇಟ್ಟುಕೊಂಡಿದ್ದ ಮೂರು ಚಿಂಪಾಂಜಿಗಳನ್ನು ಜಾರಿ ನಿರ್ದೇಶನಾಲಯವು 2019ರಲ್ಲಿ ಆಸ್ತಿಯೆಂದು ಮುಟ್ಟುಗೋಲು ಹಾಕಿಕೊಂಡಿತ್ತು. ಅಂಥ ವಿಡಿಯೊವನ್ನು ಖಂಡಿಸುವುದಕ್ಕೆಂದೂ ಹಂಚಬೇಡಿ, ಕೆಳಗೆ ಬೈದು ಬರೆಯಬೇಡಿ. ಬೈಗುಳವೂ ಆ ವಿಡಿಯೊವನ್ನು ಮತ್ತಷ್ಟು ಜನರ ಮುಂದೆ ಒಯ್ಯುತ್ತದೆ. ಯಾರಾದರೂ ಮರಿಯನ್ನು ಮಾರಾಟಕ್ಕಿಟ್ಟಿದ್ದರೆ ಖರೀದಿದಾರರಂತೆ ನಟಿಸಿ ಮಾತಿಗಿಳಿಯುವ ಸಾಹಸವೂ ಬೇಡ. ಮೊದಲು ಖಾತೆಯ ಹೆಸರು, ಕೊಂಡಿ, ದಿನಾಂಕಗಳು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಬಳಿಕ ಅರಣ್ಯ ಇಲಾಖೆಗೆ ಅಥವಾ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊಗೆ ತಿಳಿಸಿ, ಜಾಲತಾಣಕ್ಕೆ ದೂರು ಕೊಡುವುದನ್ನು ಕೊನೆಗಿಟ್ಟುಕೊಳ್ಳಿ. ದೂರಿನಿಂದ ವಿಡಿಯೊ ಮಾಯವಾದರೆ ತನಿಖೆಗೆ ಬೇಕಾದ ಸುಳಿವೂ ಅದರೊಂದಿಗೇ ಹೋಗಿಬಿಡುತ್ತದೆ.