ತಕ್ಕಡಿ, ಬಸ್ಸು ಮತ್ತು ನಮ್ಮ ಹುಡುಗ

ನಾನು ಮೈಸೂರಿನಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವ ಮಕ್ಕಳ ಒಂದು ವಿಶೇಷ ಶಾಲೆಯಲ್ಲಿ ಟೀಚರ್. ಕೆಲವು ವರ್ಷಗಳ ಹಿಂದೆ 18 ತುಂಬಿದ ಒಬ್ಬ ಹುಡುಗನಿಗೆ ಹಾರ ಹಾಕಿ, ಸಿಹಿ ಹಂಚಿ ಕಳಿಸಿಕೊಟ್ಟೆವು. ಆರು ತಿಂಗಳ ಮೇಲೆ ಮನೆಗೆ ಹೋದರೆ ಟಿವಿ ಮುಂದೆ ಕೂತಿದ್ದ. ತಾನೇ ಸ್ನಾನ ಮಾಡಿಕೊಳ್ಳುತ್ತಿದ್ದವನಿಗೆ ಈಗ ಅಮ್ಮ ನೀರು ಹೊಯ್ಯಬೇಕು. ತಪ್ಪು ನಮ್ಮದೇ. ಮಣಿ ಪೋಣಿಸುವುದು, ಮೇಣದಬತ್ತಿ ಮಾಡುವುದು ಕಲಿಸಿದ್ದೆವು. ಅವನ ಬೀದಿಯಲ್ಲಿ ಅದನ್ನು ಮಾಡಿಸುವವರು ಯಾರಿದ್ದರು?

ಹಾಗಾಗಿ ಮುಂದಿನ ಹುಡುಗನ ವಿಷಯದಲ್ಲಿ 16ಕ್ಕೇ ಶುರು ಮಾಡಿದೆ. "ರಸ್ತೆ ದಾಟೋಕೂ ನಾನೇ ಕೈ ಹಿಡೀಬೇಕು, ಇವನನ್ನ ಕೆಲಸಕ್ಕಾ ಟೀಚರ್?" ಅಂದರು ಅವರಮ್ಮ. ಸಂತೆಪೇಟೆಯ ಒಂದು ದಿನಸಿ ಅಂಗಡಿಯವರು ಬೇಳೆ ಪ್ಯಾಕ್ ಮಾಡಲು ದಿನಕ್ಕೆರಡು ಗಂಟೆ ಕೂರಿಸಿಕೊಳ್ಳಲು ಒಪ್ಪಿದರು.

ಇವನಿಗೆ ಅಂಕಿ ಓದಲು ಬರುವುದಿಲ್ಲ. ಆದರೆ ಒಂದೇ ತರಹದ್ದನ್ನು ಜೋಡಿಸುವುದರಲ್ಲಿ ಗಟ್ಟಿಗ. ತಕ್ಕಡಿಯಲ್ಲಿ ಕಾಣುವ ಹಾಗೇ 0.500 ಅಂತ ರಟ್ಟಿನ ಮೇಲೆ ಬರೆದು ಪಕ್ಕದಲ್ಲಿ ಅಂಟಿಸಿದೆ. ಕೆಲಸ ಕೆಟ್ಟಿದ್ದೂ ಅಲ್ಲೇ! 0.505 ಬಂದರೆ ಬೇಳೆ ಒಂದೊಂದಾಗಿ ತೆಗೆಯುತ್ತಾ ಕೂತ. "ಮೇಡಂ, ಹಿಂಗಾದ್ರೆ ಸಂಜೆಗೆ ನಾಲ್ಕೇ ಪ್ಯಾಕೆಟ್ಟು" ಅಂದರು ಅಂಗಡಿಯವರು. ಐದು ಗ್ರಾಂ ಜಾಸ್ತಿ ಹೋದರೆ ಪರವಾಗಿಲ್ಲ ಅಂತ ಅವರನ್ನು ಒಪ್ಪಿಸಿ, 0.505ರ ರಟ್ಟನ್ನೂ ಅಂಟಿಸಿದೆ. ಎರಡರಲ್ಲಿ ಯಾವುದು ಬಂದರೂ ಸೀಲ್ ಮಾಡು, ಅಷ್ಟೇ.

ಮೊದಲ ವಾರ ಪಕ್ಕದಲ್ಲೇ ಕೂತೆ. ಆಮೇಲೆ ಬಾಗಿಲ ಹತ್ತಿರ. ಆಮೇಲೆ ಎದುರಿನ ಟೀ ಅಂಗಡಿ. ಅಲ್ಲಿ ಕುಡಿದ ಟೀಗೆ ಲೆಕ್ಕವಿಲ್ಲ.

ಬಸ್ಸೇ ಕಷ್ಟವಾಗಿದ್ದು. ಬಸ್ ನಂಬರ್ ಅನ್ನೂ ಚೀಟಿಗೆ ಹೋಲಿಸಿ ಹತ್ತುತ್ತಿದ್ದ. ದಸರಾ ಸಮಯದಲ್ಲಿ ಬಸ್ ಬೇರೆ ದಾರಿ ಹಿಡಿಯಿತು. ಗಾಬರಿಯಾಗಿ ಅಳುತ್ತಾ ಕೂತುಬಿಟ್ಟ. ಜೇಬಿನ ಕಾರ್ಡ್ ನೋಡಿ ಕಂಡಕ್ಟರ್ ಅವರಮ್ಮನಿಗೆ ಫೋನ್ ಮಾಡಿದರು. ಆಮೇಲೆ ನಾನು ಬೇಕಂತಲೇ ಬೇರೆ ಸ್ಟಾಪಿನಲ್ಲಿ ಇಳಿಸಿ, ಕಾರ್ಡ್ ತೆಗೆದು ಯಾರಿಗಾದರೂ ತೋರಿಸುವುದನ್ನು ಅಭ್ಯಾಸ ಮಾಡಿಸಿದೆ. ಇದನ್ನು ಮೊದಲೇ ಮಾಡಬೇಕಿತ್ತು.

ಸಂಬಳದ ಮಾತು ಬಂದಾಗ ಅಂಗಡಿಯವರು "ಸುಮ್ನೆ ಹೊತ್ತು ಹೋಗ್ಲಿ ಅಂತ ಅಲ್ವಾ?" ಅಂದರು. ಅಲ್ಲ. ಮಾಡಿದ ಕೆಲಸಕ್ಕೆ ದುಡ್ಡು ಬೇಕು ಅಂತ ಪಟ್ಟು ಹಿಡಿದೆ. ಅದೂ ವಾರ ವಾರ. ತಿಂಗಳ ಕೊನೆ ಅನ್ನುವುದು ಅವನಿಗೆ ತುಂಬಾ ದೂರ, ಯಾವ ಕೆಲಸಕ್ಕೆ ಬಂದ ದುಡ್ಡು ಅಂತಲೇ ಗೊತ್ತಾಗುವುದಿಲ್ಲ. ಶನಿವಾರ ನೋಟು ಕೈಗೆ ಬಂದರೆ ನೇರ ಬೇಕರಿಗೆ, ಒಂದು ದಿಲ್‌ಪಸಂದ್.

ಕಾಗದಪತ್ರದ ಬಗ್ಗೆ ಒಂದು ಮಾತು. 18 ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವಿಕಲತೆ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ, ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು. ಎಲ್ಲರಿಗೂ ಇದು ಬೇಕೇ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮತ್ತು ಬ್ಯಾಂಕ್ ಖಾತೆಯನ್ನು ಶಾಲೆಯಲ್ಲಿ ಇರುವಾಗಲೇ ಮಾಡಿಸಿಬಿಡಿ.

ಆ ಮೊದಲ ಹುಡುಗನ ಮನೆಗೆ ಈಗ ವಾರಕ್ಕೆರಡು ಸಲ ಹೋಗುತ್ತೇನೆ. ಬಕೆಟ್ಟು, ಚೊಂಬು, ಸೋಪಿನಿಂದ ಮತ್ತೆ ಶುರು ಮಾಡಿದ್ದೇವೆ.